ಉತ್ತರ: ಎಸ್ಟೀಮ್ ಹೆಡ್ಡಿಗೆ ಡಬಲ್ ಸ್ಪ್ರಿಂಗ್, 8000 ಆರ್‌ಪಿಎಂ

ತಮ್ಮಾ, 16 ವಾಲ್ವ್ ಮಾರುತಿ ಎಸ್ಟೀಮ್ ಕಾರಿನ ಎಂಜಿನ್ 8000 ಆರ್‌ಪಿಎಂ (ನಿಮಿಷಕ್ಕ ಸುತ್ತು) ತನಕ ಓಡಸಾಕ ಡಬಲ್ ಸ್ಪ್ರಿಂಗ್ (ವಾಲ್ವ್ ಮುಚ್ಚೂ ಸ್ಪ್ರಿಂಗ್, ಒಳಗೊಂದು ಹೊರಗೊಂದು), ಟೈಟಾನಿಯಂ ರಿಟೇನರ್ (ಸ್ಪ್ರಿಂಗಿನ ಮ್ಯಾಲಿನ ಟೊಪ್ಪಿಗಿ) ತರಿಸಿಟ್ಟೀನಿ, ಕ್ಯಾಮ್ (ವಾಲ್ವ್ ತೆರಿಯೂ ಶಾಫ್ಟ್) ಯಾವ್ದು ಅಂತ ಆಮ್ಯಾಲ ನೋಡ್ತೀನಿ ಅಂತ ಬರದೀಯಲ್ಲ, ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗಾತು. ನಾನೂ ಒಂದ ಕಾಲಕ್ಕ ಹಿಂಗ ಉಲ್ಟಾ ಹೊಂಟಾವನ, ಅದಕ್ಕ ಸುಮ್ನ ಕೂಡಾಕ ಆಗಲಿಲ್ಲ. ಮೊದಲ ಕ್ಯಾಮ್. ಅದರ ಕಾರ್ಡಿನ್ಯಾಗ (ತಯಾರಕರು ಕೊಡೂ ಅಳತಿ ಚೀಟಿ) ಲಿಫ್ಟ್ (ವಾಲ್ವ್ ತೆರಿಯೂ ಅಳತಿ) ಎಷ್ಟೈತಿ, ಸೀಟ್ ಪ್ರೆಶರ್ (ಮುಚ್ಚಿದ ವಾಲ್ವಿನ ಮ್ಯಾಲ ಸ್ಪ್ರಿಂಗಿನ ಒತ್ತಡ) ಎಷ್ಟ ಕೇಳ್ಯಾರ ಅನ್ನೂದು ನೋಡಿ ಸ್ಪ್ರಿಂಗ್ ಆರಿಸಬೇಕು. ಕಾರ್ಡ್ ಕೊಡದವನ ಕಡೆ ಕ್ಯಾಮ್ ತೊಗೊಳ್ಳಾಕ ಹೋಗಬ್ಯಾಡ.

6500ರಿಂದ 8000 ಆರ್‌ಪಿಎಂಗೆ ಏರಿದ್ರ ವಾಲ್ವ್ ಕ್ಯಾಮ್ ಬಿಟ್ಟು ಹಾರದಂಗ ಹಿಡದ ಇಡಾಕ ಸುಮಾರು ಒಂದೂವರೆ ಪಟ್ಟು ಜೋರು ಬೇಕು, ವೇಗದ ವರ್ಗದ ಲೆಕ್ಕ ಅದು. ಹಂಗಂತ ಸಿಕ್ಕಿದ್ರಾಗ ಎಲ್ಲಾಕಿಂತ ಬಿಗಿ ಸ್ಪ್ರಿಂಗ್ ತುಂಬಿದ್ರ ಕ್ಯಾಮ್ ಲೋಬ್ (ಕ್ಯಾಮಿನ ಉಬ್ಬು), ರಾಕರ್ (ಲೋಬಿನ ತಳ್ಳು ವಾಲ್ವಿಗೆ ಮುಟ್ಟಿಸೂ ತೋಳು) ತುದಿ ಎರಡೂ ತಿಂದ ಹೋಗ್ತಾವ.

ಈಗ ಅಳತಿ ಮಾತು. ಸ್ಪ್ರಿಂಗಿನ ಇನ್‌ಸ್ಟಾಲ್ಡ್ ಹೈಟ್ (ವಾಲ್ವ್ ಮುಚ್ಚಿದಾಗ ಸ್ಪ್ರಿಂಗಿನ ಎತ್ತರ) 34 ಮಿ.ಮೀ, ಅಲ್ಲಿ ಪ್ರೆಶರ್ 25 ಕೆ.ಜಿ, ರೇಟ್ (ಒಂದೊಂದು ಮಿ.ಮೀ ಕುಗ್ಗಿದ್ರ ಏರೂ ಒತ್ತಡ) ಮಿ.ಮೀಗೆ 3.5 ಕೆ.ಜಿ ಅಂತ ಹಿಡಿ. 9 ಮಿ.ಮೀ ಲಿಫ್ಟಿಗೆ 56 ಕೆ.ಜಿ ಮ್ಯಾಲ ಹೋಗತೈತಿ, ಸ್ಪ್ರಿಂಗ್ 25 ಮಿ.ಮೀಗೆ ಕುಗ್ಗತೈತಿ. ಸುರುಳಿ ಒಂದಕ್ಕೊಂದು ಕೂಡೂದು 22.5ಕ್ಕ ಅಂದ್ರ ಇನ್ನೂ 2.5 ಉಳೀತು. ಅದ ಸ್ಪ್ರಿಂಗಿಗೆ 10.5 ಲಿಫ್ಟಿನ ಕ್ಯಾಮ್ ಹಾಕು, ಉಳಿಯೂದು 1 ಮಿ.ಮೀ. ನಾನು ಒಂದೂವರೆಗಿಂತ ಕಡಿಮಿ ಬಿಡಂಗಿಲ್ಲ. ಭಾಳ ಬಿಟ್ರೂ ಚಲೋ ಅಲ್ಲ, ಮ್ಯಾಲಿನ ಆರ್‌ಪಿಎಂನ್ಯಾಗ ಸುರುಳಿ ತಾನ ಕುಣಿಯಾಕ ಹತ್ತತೈತಿ. ಮತ್ತ, ಇಲ್ಲಿ ಲಿಫ್ಟ್ ಅಂದ್ರ ವಾಲ್ವಿನ ಲಿಫ್ಟ್, ಲೋಬಿಂದಲ್ಲ. ಲೋಬಿನ ಲಿಫ್ಟಿಗೆ ರಾಕರ್ ರೇಶಿಯೋ (ರಾಕರ್ ಅದನ್ನ ಎಷ್ಟು ಪಟ್ಟು ಮಾಡತೈತಿ ಅನ್ನೂದು) ಗುಣಿಸಿಕೊ.

ಬೆಳಗಾವಿ ಉದ್ಯಮಬಾಗದಾಗ ಸೀಟ್ ಕಟಿಂಗ್ (ವಾಲ್ವ್ ಕೂಡೂ ಜಾಗ ಕಡಿಯೂದು) ಮಾಡಿಸೀನಿ ಅಂದಿ. ಸೀಟ್ ಕಡದಷ್ಟು ವಾಲ್ವ್ ಒಳಗ ಇಳೀತೈತಿ, ಇನ್‌ಸ್ಟಾಲ್ಡ್ ಹೈಟ್ ಹೆಚ್ಚಾಗತೈತಿ. 0.7 ಮಿ.ಮೀ ಇಳದಿದ್ರ ಮ್ಯಾಲಿನ ಲೆಕ್ಕದಾಗ ಎರಡೂವರೆ ಕೆ.ಜಿ ಸೀಟ್ ಪ್ರೆಶರ್ ಹಂಗ ಹೋತು. ಅದಕ್ಕ ಹದಿನಾರೂ ವಾಲ್ವ್ ಒಂದೊಂದಾಗಿ ಅಳಿ, ಹೈಟ್ ಹೆಚ್ಚಾಗಿ ಪ್ರೆಶರ್ ಕಡಿಮಿ ಬಿದ್ದಲ್ಲಿ ಸ್ಪ್ರಿಂಗಿನ ಕೆಳಗ ಶಿಮ್ (ತೆಳು ವಾಷರ್) ಹಾಕು. ಒಂದ ಅಳದು ಉಳದಾವೂ ಅಷ್ಟ ಇರತಾವ ಅನ್ನಾವರನ್ನ ಕಂಡ್ರ ನನಗ ಸಿಟ್ಟು ಬರತೈತಿ.

ಆಮ್ಯಾಲ ಮೆತ್ತನ ಚೆಕಿಂಗ್ ಸ್ಪ್ರಿಂಗ್ ಹಾಕಿ, ಡಯಲ್ ಗೇಜ್ ಹಚ್ಚಿ, ಎಂಜಿನ್ ಕೈಲೆ ತಿರಗಸು. ಫುಲ್ ಲಿಫ್ಟಿನ್ಯಾಗ ರಿಟೇನರ್ ತಳ ಗೈಡ್ ಸೀಲಿಗೆ (ವಾಲ್ವ್ ದಂಡಿನ ಗುಂಟ ಎಣ್ಣಿ ಇಳಿಯದಂಗ ತಡಿಯೂ ಸೀಲ್) ಬಡೀತೈತೇನು ನೋಡು. ಇದನ್ನ ಎಲ್ಲಾರೂ ಮರೀತಾರ, ಸೀಲ್ ಒಡದು ಹೊಗಿ ಬಂದ ಮ್ಯಾಲ ಪಿಸ್ಟನ್ ರಿಂಗ್ ಬೈತಾರ. ವಾಲ್ವಿಗೂ ಪಿಸ್ಟನ್ನಿಗೂ ನಡುವ ಇನ್‌ಟೇಕ್ ಕಡೆ 2 ಮಿ.ಮೀ, ಎಕ್ಸಾಸ್ಟ್ ಕಡೆ 2.5 ಸಂದಿ ಬಿಡು. ಎಕ್ಸಾಸ್ಟ್ ಕಾಯ್ದಾಗ ಉದ್ದ ಆಗತೈತಿ. ಟಿಡಿಸಿ (ಪಿಸ್ಟನ್ ತುತ್ತತುದಿಗೆ ಬಂದ ಹಂತ) ಒಂದ ನೋಡಿ ಬಿಡಬ್ಯಾಡ. ಎಕ್ಸಾಸ್ಟ್ ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಮೊದಲ, ಇನ್‌ಟೇಕ್ ಹತ್ತು ಡಿಗ್ರಿ ಆದ ಮ್ಯಾಲ ಪಿಸ್ಟನ್ನಿಗೆ ಸಮೀಪ ಬರತೈತಿ.

ಟೈಟಾನಿಯಂ ರಿಟೇನರ್ ಹಗುರ ಖರೇ, ಆದ್ರ ಸ್ಪ್ರಿಂಗ್ ತಿಕ್ಕಿ ಸವೀತಾವ, ಆಗಾಗ ಬಿಚ್ಚಿ ನೋಡಬೇಕು. ದಿನಾ ಓಡಸೂ ಗಾಡಿಗೆ ನನ್ನ ಮತ ಚಲೋ ಸ್ಟೀಲಿಗೆ. ಬೀಹೈವ್ (ಜೇನುಗೂಡಿನಂಗ ಮ್ಯಾಲ ಸಣ್ಣಾಗೂ) ಸ್ಪ್ರಿಂಗ್ ಸಿಕ್ರ ಇನ್ನೂ ಚಲೋ, ಮ್ಯಾಲಿನ ರಿಟೇನರ್ ಸಣ್ಣದಾಗತೈತಿ, ತೂಕ ಇಳೀತೈತಿ. ಕೆಲ್‌ಫೋರ್ಡ್, ಕ್ಯಾಟ್ ಕ್ಯಾಮ್ಸ್ ಅಂಥಾ ಕ್ಯಾಮ್ ತಯಾರಕರು ಕ್ಯಾಮಿಗೆ ಜೋಡಿ ಸ್ಪ್ರಿಂಗ್ ಯಾವ್ದು ಅಂತ ತಾವ ಹೇಳತಾರ, ರೊಕ್ಕ ಹೆಚ್ಚಾದ್ರೂ ತಲಿಬ್ಯಾನಿ ಇಲ್ಲ. ಹೆಸರಿಲ್ಲದ ಡಬ್ಬಿಯಾಗ ಬರೂ ಅಗ್ಗದ ಸೆಟ್ ಇದ್ರ ಪ್ರತಿ ಸ್ಪ್ರಿಂಗ್ ಒತ್ತಡ ಅಳಿಯೂ ಟೆಸ್ಟರ್ ಮ್ಯಾಲ ಇಡಸು.

ಈ ಚರ್ಚಾದಾಗ ಮ್ಯಾಲ ಒಬ್ರು ಹೈಡ್ರಾಲಿಕ್ ಟ್ಯಾಪೆಟ್ (ಎಣ್ಣಿ ಒತ್ತಡದಿಂದ ವಾಲ್ವ್ ಸಂದಿ ತಾನ ತುಂಬೂ) ಎಂಜಿನ್ನಿಗೂ ಇದ ಲೆಕ್ಕ ನಡೀತೈತಿ ಅಂದಾರ. ಇಲ್ಲರೀ ಸರ್. ವಾಲ್ವ್ ಫ್ಲೋಟ್ ಆದ್ರ (ಕ್ಯಾಮ್ ಬಿಟ್ಟು ಹಾರಿದ್ರ) ಆ ಸಂದಿನ್ಯಾಗ ಟ್ಯಾಪೆಟ್ ಎಣ್ಣಿ ತುಂಬಕೊಂಡು ವಾಲ್ವ್ ಪೂರ್ತಿ ಮುಚ್ಚಾಕ ಬಿಡಂಗಿಲ್ಲ, ಕಂಪ್ರೆಶನ್ ಹೋಗತೈತಿ. ಅದರ ಲೆಕ್ಕಾನ ಬ್ಯಾರೆ.

ಹೊಸಾ ಕ್ಯಾಮ್ ಹಾಕಿದ್ರ ರನ್-ಇನ್ ಮಾಡೂವಾಗ (ಮೊದಲ ಸಲ ಓಡಿಸಿ ಪಳಗಿಸೂವಾಗ) ಒಳಗಿನ ಸ್ಪ್ರಿಂಗ್ ತಗದಿಡು, ಲೋಬಿಗೆ ಅಸೆಂಬ್ಲಿ ಲ್ಯೂಬ್ ಧಾರಾಳ ಹಚ್ಚು. ಲಿಮಿಟರ್ (ಆರ್‌ಪಿಎಂ ಮಿತಿ ಮೀರದಂಗ ತಡಿಯೂದು) ಐತಿ ಅಂತ ಮೈಮರಿಬ್ಯಾಡ. ಚೋರ್ಲಾ ಘಾಟಿನ್ಯಾಗ ಮೂರನೇ ಗೇರಿನಿಂದ ನಾಲ್ಕಕ್ಕ ಹಾಕಾಕ ಹೋಗಿ ಎರಡಕ್ಕ ಬಿದ್ರ ಎಂಜಿನ್ ತಿರಗಸೂದು ಚಕ್ರ, ಲಿಮಿಟರ್ ಏನೂ ಮಾಡಂಗಿಲ್ಲ. ಗೇರ್ ಲಿವರ್ ಬುಶ್ ಸಡ್ಲ ಇದ್ರ ಮೊದಲ ಅದನ್ನ ಬದಲಸು.

ಸ್ಪ್ರಿಂಗ್ ಡಬ್ಬಿ ಇನ್ನೂ ಒಡದಿಲ್ಲಂದ್ರ ಹಂಗ ಇಡು, ವಾಪಸ್ ತೊಗೊಂಡಾರು. ಕ್ಯಾಮ್ ಕಾರ್ಡಿನ ಫೋಟೋ, ಹದಿನಾರು ಹೈಟ್ ಇಲ್ಲೇ ಹಾಕು, ಶಿಮ್ ಎಷ್ಟು ಬೇಕು ನೋಡೂಣು.