ಬೆನ್ನುಮೂಳೆಯ ಡಿಸ್ಕ್ ಆಪರೇಷನ್ ಆದಮೇಲೆ ಡೊಂಬಿವಲಿಯಿಂದ ದಾದರ್‌ಗೆ ಮುಂಬೈ ಲೋಕಲ್ ರೈಲಿನಲ್ಲಿ ಆಫೀಸಿಗೆ ಹೋಗೋದು ಯಾವಾಗ ಶುರು ಮಾಡಬಹುದು?

ಯಾವ ಆಪರೇಷನ್ ಅನ್ನೋದು ಮೊದಲ ಪ್ರಶ್ನೆ. ನರ ಒತ್ತುತ್ತಿದ್ದ ಡಿಸ್ಕಿನ ತುಂಡನ್ನಷ್ಟೇ ತೆಗೆದಿದ್ದರೆ, ಕೂತು ಕೆಲಸ ಮಾಡುವವರು ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಮರಳುತ್ತಾರೆ. ಭಾರ ಎತ್ತುವ ಕೆಲಸಕ್ಕೆ 6ರಿಂದ 12 ವಾರ ಬೇಕು. ಸ್ಕ್ರೂ ಹಾಕಿ ಮೂಳೆ ಬೆಸೆದಿದ್ದರೆ ತಿಂಗಳುಗಳೇ ಹಿಡಿಯುತ್ತವೆ.

ಆದರೆ ನಿಮ್ಮ ಆಫೀಸಿಗಿಂತ ನಿಮ್ಮ ಲೋಕಲ್ ಕಷ್ಟ, ಅಲ್ವಾ? ಬೆಳಗಿನ ರಶ್‌ನಲ್ಲಿ ಜನ ತಳ್ಳಿದಾಗ ಸೊಂಟ ತಿರುಚುತ್ತದೆ. ಮೊದಲ 6 ವಾರ ತಪ್ಪಿಸಬೇಕಾದದ್ದು ಅದೇ: ಬಗ್ಗೋದು, ತಿರುಚೋದು, ಭಾರ ಎತ್ತೋದು. ಹಾಗಾಗಿ ಕೆಲವು ವಾರ ಮನೆಯಿಂದಲೇ ಕೆಲಸ ಕೇಳಿ. ಆಮೇಲೆ ರಶ್ ಇಲ್ಲದ ಹೊತ್ತಿನ ಗಾಡಿ ಹಿಡಿಯಿರಿ. ಲ್ಯಾಪ್‌ಟಾಪ್ ಬ್ಯಾಗ್ ಒಂದೇ ಹೆಗಲಿಗೆ ಬೇಡ. ನಲ್ಲಿ ನೀರು ಬಂದಾಗ ಬಕೆಟ್ ಎತ್ತುವ ಕೆಲಸ ಮನೆಯವರಿಗೆ ಬಿಡಿ. ತುಂಬಿದ ಬಕೆಟ್ 15 ಕಿಲೋ ಮೀರುತ್ತದೆ.

ಹಾಗಂತ ಮಲಗೇ ಇರಬೇಡಿ. ನಡಿಗೆಯೇ ಇಲ್ಲಿ ನಿಜವಾದ ಔಷಧಿ. ಮನೆಯೊಳಗೆ 5 ನಿಮಿಷ, ದಿನಕ್ಕೆ ನಾಲ್ಕಾರು ಸಲ, ಆಮೇಲೆ ಸೊಸೈಟಿ ಕಾಂಪೌಂಡ್. ಕೂತರೆ ಅರ್ಧ ಗಂಟೆಗೊಮ್ಮೆ ಏಳಿ. ಹೊಟ್ಟೆ-ಬೆನ್ನಿನ ಸ್ನಾಯುಗಳ ವ್ಯಾಯಾಮ ಫಿಸಿಯೋಥೆರಪಿಸ್ಟ್ ತೋರಿಸಿದಂತೆಯೇ ಮಾಡಿ, ಸುಮ್ನೆ ವಿಡಿಯೋ ನೋಡಿ ಶುರು ಮಾಡಬೇಡಿ. ಕಾಲಿನ ಜೋಮು ಹೋಗಲು ತಿಂಗಳುಗಳಾಗಬಹುದು, ಗಾಬರಿ ಬೇಡ.

ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಗ್ಗಿದರೆ, ಜ್ವರ ಬಂದರೆ ಅಥವಾ ಗಾಯ ಸೋರಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.