ಎಲ್ಲರಿಗೂ ಫೀ, ಹೆತ್ತವಳಿಗೆ ನಮಸ್ಕಾರ

ಓದುಗರ ಪತ್ರ: ಬಾಡಿಗೆ ತಾಯ್ತನಕ್ಕೆ ದುಡ್ಡು ಕೊಡುವುದನ್ನು ಕಾನೂನು ನಿಷೇಧಿಸಿದ್ದು ಸರಿ. ದುಡ್ಡಿಗೆ ಹೆತ್ತುಕೊಡಲು ಒಪ್ಪಿದವಳು ಆಮೇಲೆ ಮಗು ಕೊಡಲು ಒಲ್ಲೆ ಅಂದ ಅಮೆರಿಕದ ‘ಬೇಬಿ ಎಂ’ ಪ್ರಕರಣ ನೋಡಿ. ದಲ್ಲಾಳಿಗಳ ಕಾಟ ತಪ್ಪಿತು. ಮನಸ್ಸಿದ್ದವರು ಪುಕ್ಕಟೆ ಮಾಡಲಿ. ನೀವೇನಂತೀರಿ?

ಸಂಪಾದಕರ ಉತ್ತರ: ದಲ್ಲಾಳಿಗಳ ವಿಷಯದಲ್ಲಿ ನನ್ನ ತಕರಾರಿಲ್ಲ. 2014ರಲ್ಲಿ ಸುದ್ದಿಯಾದ ಪ್ರಕರಣದಲ್ಲಿ ಥಾಯ್ಲೆಂಡ್‌ನ ಬಾಡಿಗೆ ತಾಯಿ ಹೆತ್ತ ಅವಳಿಗಳಲ್ಲಿ ಹೆಣ್ಣುಮಗು ಆಸ್ಟ್ರೇಲಿಯಾಕ್ಕೆ ಹೋಯಿತು, ಡೌನ್ ಸಿಂಡ್ರೋಮ್ ಇದ್ದ ಗಂಡುಮಗು ಅವಳ ಬಳಿಯೇ ಉಳಿಯಿತು. ಮರುವರ್ಷ ಆ ದೇಶ ವಿದೇಶಿಯರಿಗೆ ಬಾಗಿಲು ಮುಚ್ಚಿತು. ಒಳ್ಳೆಯದೇ ಆಯಿತು.

ಆದರೆ ‘ಪುಕ್ಕಟೆ ಮಾಡಲಿ’ ಅಂದಿರಲ್ಲ, ಅಲ್ಲಿ ನನಗೆ ಸಿಟ್ಟು ಬರುತ್ತದೆ. ಭಾರತದ 2021ರ ಕಾಯ್ದೆ ಹೇಳುವುದೂ ಅದನ್ನೇ. ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ, ನಿಯಮದಲ್ಲಿರುವ ಸಣ್ಣಪುಟ್ಟ ವೆಚ್ಚ, ಅಷ್ಟೇ. ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕ್ಕಿಡುವ ಐವಿಎಫ್ ವೈದ್ಯರು ಪುಕ್ಕಟೆ ಮಾಡ್ತಾರಾ? ಲ್ಯಾಬ್? ವಕೀಲರು? ನಿಮ್ಮ ಪತ್ರದಲ್ಲಿ ಇವರ ಫೀ ಬಗ್ಗೆ ಒಂದು ಸಾಲೂ ಇಲ್ಲ.

ಹೆತ್ತುಕೊಡುವವಳ ಪಾಡು ನೋಡಿ. ಭ್ರೂಣ ಇಡುವ ಮೊದಲೇ ಹಾರ್ಮೋನ್ ಶುರು. ಎಷ್ಟೋ ಕಡೆ ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟಿರಾನ್ ಹಾರ್ಮೋನನ್ನು ಎಣ್ಣೆಯಲ್ಲಿ ಬೆರೆಸಿದ ಇಂಜೆಕ್ಷನ್ ಸೊಂಟದ ಕೆಳಗೆ, ದಿನಾ, ವಾರಗಟ್ಟಲೆ. ಎಣ್ಣೆ ಮಂದ, ಸೂಜಿ ಉದ್ದ. ಚುಚ್ಚಿದಲ್ಲೆಲ್ಲ ಗಂಟು ಕಟ್ಟಿ ಮಗ್ಗುಲಾಗುವುದೂ ಕಷ್ಟ. ಬಸಿರು, ಹೆರಿಗೆಯ ಅಪಾಯವೆಲ್ಲ ಆಮೇಲಿನ ಮಾತು.

‘ಬೇಬಿ ಎಂ’ ಪ್ರಕರಣದಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1988ರಲ್ಲಿ ಒಪ್ಪಂದವನ್ನು ಮಗು ಮಾರಾಟ ಅಂದಿದ್ದು ನಿಜ. ಆದರೆ ಅಲ್ಲಿ ಹೆತ್ತವಳದೇ ಅಂಡವಿತ್ತು. ಭಾರತದ ಕಾಯ್ದೆ ಬಾಡಿಗೆ ತಾಯಿಯ ಅಂಡ ಬಳಸಲು ಬಿಡುವುದೇ ಇಲ್ಲ. ಹಾಗಾಗಿ ಆ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ.

ಇನ್ನು, ದುಡ್ಡಿಲ್ಲದಿದ್ದರೆ ಶೋಷಣೆಯೂ ಇಲ್ವಾ? ಮಕ್ಕಳಿಲ್ಲದ ಭಾವನಿಗೆ ‘ನೀನೇ ಹೆತ್ತುಕೊಡಮ್ಮ’ ಅಂತ ಇಡೀ ಮನೆ ಕೂತು ಕೇಳಿದರೆ, ಅದೇ ಮನೆಯಲ್ಲಿ ಬಾಳಬೇಕಾದ ಸೊಸೆ ಒಲ್ಲೆ ಅನ್ನುವುದು ಹೇಗೆ? ಕಡತದಲ್ಲಿ ಮಾತ್ರ ಅವಳ ಸಹಿ ಚೊಕ್ಕವಾಗಿರುತ್ತದೆ. ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2017ರಲ್ಲೇ ಬಿಟ್ಟಿ ಪದ್ಧತಿ ಬೇಡ, ತಕ್ಕ ಪರಿಹಾರ ಕೊಡಿ ಅಂದಿತ್ತು. ಆ ವರದಿ ಓದಿ ಸ್ವಾಮಿ. ಸರ್ಕಾರ ಕಿವಿಗೇ ಹಾಕಿಕೊಳ್ಳಲಿಲ್ಲ.

ಹಾಕಿಕೊಳ್ಳುವುದಾದರೂ ಯಾಕೆ? ಮುದುಕರ ಆರೈಕೆ, ಕೂಸಿನ ಲಾಲನೆ, ರೋಗಿಯ ಪಕ್ಕದ ರಾತ್ರಿಗಳು, ಎಲ್ಲವನ್ನೂ ಹೊಗಳಿ ಹೊಗಳಿಯೇ ಬಿಟ್ಟಿ ಮಾಡಿಸಿಕೊಂಡು ರೂಢಿಯಾಗಿದೆ. ಈಗ ಗರ್ಭವೂ ಆ ಪಟ್ಟಿಗೆ ಸೇರಿತು. ಹೊಗಳುವವರು ಜಾಸ್ತಿ ಗಂಡಸರೇ, ಅದು ಬೇರೆ ಮಾತು.

ದಲ್ಲಾಳಿಯನ್ನು ಹೊರಗಿಡಿ, ಸರಿ. ಅವಳ ಪರವಾಗಿ ಬೇರೆ ವಕೀಲರಿರಲಿ. ಮೊತ್ತ ಮೊದಲೇ ನಿಗದಿಯಾಗಿ ನ್ಯಾಯಾಲಯದ ಮೂಲಕ ಅವಳ ಖಾತೆಗೇ ಹೋಗಲಿ. ನಡುವೆ ಗರ್ಭಪಾತವಾದರೂ ಅದುವರೆಗಿನ ದುಡ್ಡನ್ನು ಯಾರೂ ವಾಪಸ್ ಕೇಳಕೂಡದು.