ಈಜುಕೊಳದ ತಳದ ಡ್ರೈನ್‌ಗೆ ಮಗು ಅಂಟಿಕೊಂಡರೆ ದೊಡ್ಡವರು ಎಳೆದು ಬಿಡಿಸಬಹುದಲ್ವಾ? ಇಂಥದ್ದನ್ನು ತಡೆಯುವುದು ಹೇಗೆ?

ಬರೀ ಎಳೆದು ಬಿಡಿಸುವುದು ತುಂಬಾ ಕಷ್ಟ. ಲೆಕ್ಕ ನೋಡಿ: 20 ಸೆಂ.ಮೀ. ಅಗಲದ ಡ್ರೈನ್ ಬಾಯಿ ಪೂರ್ತಿ ಮುಚ್ಚಿಕೊಂಡು, ಅದರಿಂದ ನೀರೆಳೆಯುವ ಪಂಪ್ ವಾಯುಮಂಡಲದ ಒತ್ತಡದ ಅರ್ಧದಷ್ಟು ಬಲದಿಂದ ಹೀರಿದರೂ ಸಾಕು, ಹಿಡಿತ 150 ಕೆ.ಜಿ. ದಾಟುತ್ತದೆ.

2002ರಲ್ಲಿ ಅಮೆರಿಕದಲ್ಲಿ 7 ವರ್ಷದ ಗ್ರೇಮ್ ಬೇಕರ್ ಹಾಟ್ ಟಬ್‌ನ ಡ್ರೈನ್‌ಗೆ ಸಿಕ್ಕಿ ತೀರಿಕೊಂಡಳು. ಚೆನ್ನಾಗಿ ಈಜು ಬರುತ್ತಿದ್ದ ಹುಡುಗಿ. ಅವಳನ್ನು ಬಿಡಿಸಲು ಇಬ್ಬರು ಗಂಡಸರು ಬೇಕಾದರು. ಆ ಎಳೆತಕ್ಕೆ ಡ್ರೈನ್ ಮುಚ್ಚಳವೇ ಮುರಿದಿತ್ತು. ಅವಳ ತಾಯಿಯ ಹೋರಾಟದಿಂದ ಅವಳ ಹೆಸರಿನಲ್ಲೇ 2007ರಲ್ಲಿ ಕಾನೂನು ಬಂತು. 2008ರ ಡಿಸೆಂಬರ್‌ನಿಂದ ಅಲ್ಲಿನ ಸಾರ್ವಜನಿಕ ಕೊಳಗಳಿಗೆಲ್ಲ ಸುರಕ್ಷಿತ ಮುಚ್ಚಳ ಕಡ್ಡಾಯ. ದೇಹದಿಂದ ಮುಚ್ಚಿಹೋಗುವಷ್ಟು ಚಿಕ್ಕ ಡ್ರೈನ್ ಒಂದೇ ಇದ್ದರೆ, ಹೀರುವಿಕೆ ತಡೆಯುವ ಇನ್ನೊಂದು ವ್ಯವಸ್ಥೆಯೂ ಬೇಕು: ಪಂಪ್ ತಾನಾಗಿ ನಿಲ್ಲುವ ಸಾಧನ, ಇಲ್ಲವೇ ಹೀರುವ ಬಲ ಬಿಡಿಸುವ ವಾಲ್ವ್, ಹೀಗೆ. ಹೊಸ ಕೊಳಗಳಲ್ಲಿ ಕನಿಷ್ಠ 3 ಅಡಿ ದೂರದಲ್ಲಿ ಎರಡು ಡ್ರೈನ್ ಇಡುತ್ತಾರೆ. ಒಂದು ಮುಚ್ಚಿದರೂ ನೀರು ಇನ್ನೊಂದರಿಂದ ಹೋಗುತ್ತದೆ.

ಮುಚ್ಚಳ ಹಾಕಿದರೆ ಮುಗಿಯಲಿಲ್ಲ. ಬಿಸಿಲು, ಕ್ಲೋರಿನ್‌ಗೆ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡುತ್ತದೆ. ಅದಕ್ಕೇ ಒಳ್ಳೆಯ ಮುಚ್ಚಳದ ಮೇಲೆ ಎಷ್ಟು ವರ್ಷ ಬಾಳಿಕೆ, ಎಷ್ಟು ನೀರಿನ ಹರಿವು ಅಂತ ಅಚ್ಚು ಹಾಕಿರುತ್ತಾರೆ. ಮುಚ್ಚಳ ಸಡಿಲವಾಗಿದ್ದರೆ, ಸ್ಕ್ರೂ ಬಿದ್ದುಹೋಗಿದ್ದರೆ ದಯವಿಟ್ಟು ಯಾರನ್ನೂ ನೀರಿಗೆ ಇಳಿಸಬೇಡಿ. ಉದ್ದ ಕೂದಲಿದ್ದರೆ ಕ್ಯಾಪ್ ಹಾಕಿಸಿ. ಕೂದಲು ಜಾಲರಿಯೊಳಗೆ ಗಂಟಾಗಿಬಿಡುತ್ತದೆ.

ಯಾರಾದರೂ ಸಿಕ್ಕಿಕೊಂಡರೆ ತಕ್ಷಣ ಪಂಪ್ ಆಫ್ ಮಾಡಿಸಿ. ಆಮೇಲೆ ಮೈಗೂ ಡ್ರೈನ್‌ಗೂ ನಡುವೆ ಬೆರಳು ತೂರಿಸಿ, ಒಂದು ಅಂಚಿನಿಂದ ಬಿಡಿಸಿ. ಆ ಸ್ವಿಚ್ ಎಲ್ಲಿದೆ ಅಂತ ಮಕ್ಕಳನ್ನು ಇಳಿಸುವ ಮೊದಲೇ ಕೇಳಿಟ್ಟುಕೊಳ್ಳಿ.